‘ಇಂಧನ ಭದ್ರತೆ’ ಎಂಬ ಮಾತಿನಲ್ಲಿ ಇಂಧನ ಯಾವುದು, ಭದ್ರತೆ ಯಾವುದು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ನುಡಿಗಟ್ಟಿನ ಬಗ್ಗೆ ತಮ್ಮೆಲ್ಲರ ತಿಳಿವಳಿಕೆಯನ್ನು ಬೇಡಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರಿಕೆಗಳಲ್ಲಿಯೂ ಸರ್ಕಾರಿ ಪ್ರಕಟಣೆಗಳಲ್ಲಿಯೂ ಈಗ ಮತ್ತೆ ಮತ್ತೆ ಕಾಣುವ ‘ಇಂಧನ ಭದ್ರತೆ’ ಎಂಬ ಮಾತು ಕನ್ನಡದ ಕಿವಿಗೆ ಏನನ್ನು ಹೇಳುತ್ತದೆ, ಅದು ಹೇಳಬೇಕಾದುದನ್ನೇ ಹೇಳುತ್ತಿದೆಯೇ, ಇಲ್ಲವಾದರೆ ಎಲ್ಲೆಲ್ಲಿ ಅದನ್ನು ಬಿಟ್ಟು ಬೇರೆ ಮಾತು ಹಿಡಿಯಬೇಕು ಎಂಬುದು ನನ್ನ ಪ್ರಶ್ನೆ.

ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಮೊದಲು ಹೇಳುತ್ತೇನೆ. ನಾನು ಹಾಸನ ಜಿಲ್ಲೆಯವನು. ಕನ್ನಡ ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಕೇಳಿದವರಿಗೆ ಅನುವಾದ ಮಾಡಿಕೊಡುತ್ತಿದ್ದೇನೆ. ಮಂಗಳೂರಿನ ತೈಲ ಶುದ್ಧೀಕರಣಾಗಾರದಿಂದ ಹೊರಟು, ಘಟ್ಟದ ಬುಡದ ನೆರಿಯದಲ್ಲಿ ಪಂಪಿನ ಬಲ ಪಡೆದು, ಘಟ್ಟ ಹತ್ತಿ, ಹಾಸನವನ್ನು ಹಾದು ಬೆಂಗಳೂರಿನ ಹೊರವಲಯದವರೆಗೆ ಪೆಟ್ರೋಲು ಡೀಸೆಲುಗಳನ್ನು ಒಯ್ಯುವ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವು 2003ರಿಂದ ನಮ್ಮ ಕಡೆಯ ಹೊಲಗದ್ದೆಗಳ ಅಡಿಯಲ್ಲಿದೆ. ಆ ಮಾರ್ಗದ ಆಸುಪಾಸಿನ ಹಳ್ಳಿಗಳ ಒಂದು ರೈತ ಬಳಗದವರು, ಕೊಳವೆಗಳು, ಪೆಟ್ರೋಲಿನ ಬೆಲೆ ಮತ್ತು ಇಂಥ ಸ್ಥಾವರಗಳ ರಕ್ಷಣೆಯ ಬಗ್ಗೆ ಇಂಗ್ಲಿಷಿನಲ್ಲಿದ್ದ ಎಂಟು ಪುಟಗಳ ಟಿಪ್ಪಣಿಯೊಂದನ್ನು ಕನ್ನಡಕ್ಕೆ ತಂದುಕೊಡಬೇಕೆಂದು ಕೇಳಿದರು. ನಾನು ಪತ್ರಿಕೆಗಳ ಪದಗಳನ್ನೇ ಇಟ್ಟುಕೊಂಡು ಅನುವಾದಿಸಿದೆ. ಅದರ ಮೊದಲ ಪುಟದಲ್ಲಿಯೇ ಈ ವಾಕ್ಯವಿತ್ತು: ‘ಇಂಧನ ಮೂಲಸೌಕರ್ಯದ ಭದ್ರತೆ ದುರ್ಬಲವಾದರೆ ಇಂಧನ ಭದ್ರತೆಗೆ ಧಕ್ಕೆಯಾಗಿ ಇಂಧನ ಬೆಲೆ ಏರುತ್ತದೆ.’

ವ್ಯಾಕರಣದಲ್ಲಿ ತಪ್ಪಿಲ್ಲದ ವಾಕ್ಯ. ಶಾಲೆಯ ಜಗಲಿಯಲ್ಲಿ ಕೂತಿದ್ದ ಇಪ್ಪತ್ತು ಮಂದಿಯ ಮುಂದೆ ಅದನ್ನು ಗಟ್ಟಿಯಾಗಿ ಓದಿದಾಗ ಮಾತ್ರ ಅದು ನಿಲ್ಲಲಿಲ್ಲ. ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬರು ಮೊದಲು ಕೇಳಿದ್ದು, “ಸಾರ್, ಇಂಧನ ಅಂದ್ರೆ ಕರೆಂಟಾ?” ಎಂದು. ಪಕ್ಕದಲ್ಲಿದ್ದವರು, “ಭದ್ರತೆ ಕಡಿಮೆ ಅಂದ್ರೆ ಪೈಪ್‌ಲೈನ್ ಕಾಯೋಕೆ ಇನ್ನೂ ಜನ ಹಾಕ್ಬೇಕು ಅಂತ ತಾನೇ?” ಎಂದರು. ಕೊನೆಗೆ, ಊರ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯಾಗಿದ್ದ ಮನೆತನದ ಹಿರಿಯರೊಬ್ಬರು ನಿಧಾನವಾಗಿ ಹೇಳಿದ ಮಾತು ನನ್ನ ಅನುವಾದವನ್ನು ಬುಡದಿಂದ ಅಲುಗಾಡಿಸಿತು: “ಮೇಷ್ಟ್ರೇ, ಕೆರೆ ಭದ್ರವಾಗಿದೆ ಅಂದ್ರೆ ಏರಿ ಭದ್ರವಾಗಿದೆ ಅಂತ. ಕೊನೇ ಗದ್ದೆಗೆ ನೀರು ಬಂತಾ ಇಲ್ವಾ ಅನ್ನೋದು ಬೇರೆ ಮಾತಲ್ವಾ? ನೀವು ಎರಡಕ್ಕೂ ಒಂದೇ ಪದ ಹಾಕಿದ್ದೀರಿ.”

ಅವರು ಹೇಳಿದ್ದು ಪದದ ಸ್ವಭಾವದ ವಿಚಾರ. ಸಂಸ್ಕೃತದಲ್ಲಿ ‘ಭದ್ರ’ ಎಂದರೆ ಶುಭ, ಮಂಗಳ. ಕನ್ನಡದ ಬಾಯಿಗೆ ಬಂದ ಮೇಲೆ ಅದು ಬಿಗಿಯಾದ, ಗಟ್ಟಿಯಾದ, ಅಲುಗದ ಎಂಬ ಅರ್ಥವನ್ನು ಪಡೆದುಕೊಂಡಿತು. ಬಾಗಿಲು ಭದ್ರ ಮಾಡು, ಒಡವೆಯನ್ನು ಭದ್ರವಾಗಿಡು, ಹೊರೆಯನ್ನು ಭದ್ರವಾಗಿ ಕಟ್ಟು, ಅಡಿಪಾಯ ಭದ್ರವಾಗಿದೆ ಎನ್ನುವಾಗಲೆಲ್ಲ ನಮ್ಮ ಮನಸ್ಸಿನಲ್ಲಿರುವುದು ಒಂದು ಕಡೆ ನಿಂತಿರುವ ವಸ್ತು, ಅದರ ಬಿಗಿ, ಅದಕ್ಕೆ ಹಾಕಿದ ಅಗುಳಿ. ಹರಿಯುವುದನ್ನು ನಾವು ಭದ್ರ ಎನ್ನುವುದಿಲ್ಲ. ಕಾಲುವೆಯ ದಂಡೆ ಭದ್ರವಾಗಿರಬಹುದು, ಕಾಲುವೆಯಲ್ಲಿ ನೀರು ಬರುತ್ತಿರುವುದನ್ನು ಯಾರೂ ‘ನೀರು ಭದ್ರವಾಗಿದೆ’ ಎಂದು ಹೇಳುವುದಿಲ್ಲ. ‘ಭದ್ರತಾ ಸಿಬ್ಬಂದಿ’, ‘ಭದ್ರತಾ ಠೇವಣಿ’ ಎಂಬ ಆಡಳಿತದ ಮಾತುಗಳು ಈ ಮೂಲಭಾವಕ್ಕೆ ಹೊಂದಿಕೊಂಡೇ ಬಂದಿವೆ. ‘ಆಹಾರ ಭದ್ರತೆ’ಯೂ 2013ರ ಕಾಯ್ದೆಯ ನಂತರ ಪಡಿತರ ಅಂಗಡಿಯ ಮೂಲಕ ಜನರಿಗೆ ಪರಿಚಯವಾಗಿದೆ. ಅಲ್ಲಿ ಕಣ್ಣಿಗೆ ಕಾಣುವ ಅಕ್ಕಿಯ ಮೂಟೆಯಿದೆ, ಕಾರ್ಡಿದೆ, ತಿಂಗಳಿಗಿಷ್ಟು ಎಂಬ ಲೆಕ್ಕವಿದೆ. ‘ಇಂಧನ ಭದ್ರತೆ’ಗೆ ಅಂಥ ಆಸರೆ ಯಾವುದೂ ಇಲ್ಲದಿರುವುದರಿಂದ ಕೇಳುಗನ ಕಿವಿ ನೇರವಾಗಿ ಕಾವಲುಗಾರನ ಕಡೆಗೆ ಹೋಗುತ್ತದೆ.

ಅಂದು ರಾತ್ರಿ ಟಿಪ್ಪಣಿಯನ್ನು ಮತ್ತೆ ಓದಿದಾಗ, ನಾನು ಒಂದೇ ಪದದಲ್ಲಿ ತುರುಕಿದ್ದ ಸಂಗತಿಗಳು ಮೂರು ಎಂದು ಗೊತ್ತಾಯಿತು. ಮೊದಲನೆಯದು, ಯಾರೂ ಕೆಡುಕು ಬಯಸದಿದ್ದರೂ ತುಕ್ಕು, ಸೋರಿಕೆ, ಅಜಾಗರೂಕತೆಗಳಿಂದ ಬರುವ ಅಪಾಯವನ್ನು ತಡೆಯುವುದು. ಎರಡನೆಯದು, ಬೇಕೆಂದೇ ಹಾನಿ ಮಾಡಲು ಬರುವವರಿಂದ ಕಾಯುವುದು. ಮೂರನೆಯದು, ಬೇಕಾದಾಗ, ಬೇಕಾದಷ್ಟು, ಕೊಳ್ಳಲಾಗುವ ಬೆಲೆಗೆ ಸಿಗುತ್ತಲೇ ಇರುವುದು. ಒಂದು ಕೆಟ್ಟರೆ ಉಳಿದವೂ ಕೆಡುತ್ತವೆ ಎಂದೇನೂ ಇಲ್ಲ.

ಮೊದಲನೆಯದಕ್ಕೆ ಉದಾಹರಣೆ ಬೇಕಾದರೆ ಆಂಧ್ರಪ್ರದೇಶದ ನಗರಂ ಗ್ರಾಮವನ್ನು ನೆನೆಯಬೇಕು. 2014ರ ಜೂನ್ 27ರ ಬೆಳಗಿನ ಜಾವ ಅಲ್ಲಿ ಅನಿಲ ಕೊಳವೆ ಸೋರಿ, ಹರಡಿದ ಅನಿಲಕ್ಕೆ ಬೆಂಕಿ ಹತ್ತಿ 15ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಶತ್ರು ಇರಲಿಲ್ಲ, ಕಾವಲು ಹೆಚ್ಚಿಸಿದ್ದರೆ ಅದು ತಪ್ಪುತ್ತಿರಲಿಲ್ಲ. ನಮ್ಮಲ್ಲಿಯೇ 2013ರ ಏಪ್ರಿಲ್ 9ರಂದು ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ ಸ್ಫೋಟಗೊಂಡು ರಸ್ತೆಬದಿಯ ಮನೆಗಳವರು ಸುಟ್ಟುಹೋದದ್ದನ್ನು ಶಿರಾಡಿ ದಾರಿಯಲ್ಲಿ ಓಡಾಡುವವರು ಇಂದಿಗೂ ಮರೆತಿಲ್ಲ. ಮಂಗಳೂರಿನಿಂದ ಹಾಸನ, ಮೈಸೂರುಗಳ ಮೂಲಕ ಅಡುಗೆ ಅನಿಲಕ್ಕೂ ಕೊಳವೆ ಬಂದಾಗ, ಟ್ಯಾಂಕರಿಗಿಂತ ಕೊಳವೆ ವಾಸಿ ಎಂದು ನಮ್ಮ ಕಡೆಯ ಅನೇಕರು ನಂಬಿದ್ದಕ್ಕೆ ಆ ದಿನದ ನೆನಪೂ ಒಂದು ಕಾರಣ. ಇಂಥ ಕಡೆ ‘ಸುರಕ್ಷತೆ’ ಎಂಬ ಪದವು ನಿರ್ದುಷ್ಟವಾಗಿ ನಿಲ್ಲುತ್ತದೆ. ರಸ್ತೆ ಸುರಕ್ಷತೆ, ಅಗ್ನಿ ಸುರಕ್ಷತೆ ಎಂಬ ಬಳಕೆಗಳಿಂದ ಕಿವಿಯೂ ಪಳಗಿದೆ.

ಎರಡನೆಯದಕ್ಕೆ ದೂರ ಹೋಗಬೇಕಾಗಿಲ್ಲ. ಕರಾವಳಿಯಲ್ಲಿಯೂ ನಮ್ಮ ಜಿಲ್ಲೆಯಲ್ಲಿಯೂ ಹೂತ ಕೊಳವೆಗೆ ರಂಧ್ರ ಕೊರೆದು, ಕವಾಟ ಜೋಡಿಸಿ, ರಾತ್ರಿ ಹೊತ್ತು ಡೀಸೆಲ್ ಕದ್ದ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿವೆ. ಈ ಕೃತ್ಯಕ್ಕೆ ‘ಅನಧಿಕೃತ ಸಂಪರ್ಕ ಕಲ್ಪಿಸಿ ತೈಲ ಹೊರತೆಗೆಯುವಿಕೆ’ ಎಂದು ನಾನು ಬರೆದಿದ್ದೆ. ಸಭೆಯಲ್ಲಿದ್ದ ಹುಡುಗನೊಬ್ಬ, “ಪೈಪಿಗೆ ಕನ್ನ ಹಾಕೋದು ಅಂತ ಬರೀಬಹುದಲ್ವಾ?” ಎಂದ. ಖಂಡಿತವಾಗಿ ಬರೆಯಬಹುದು. ಗೋಡೆ ಕೊರೆದು ಒಳನುಗ್ಗುವ ಕಳ್ಳನ ತೂತಿಗೆ ಕನ್ನಡ ಇಟ್ಟ ಹಳೆಯ ಹೆಸರು ‘ಕನ್ನ’. ಬ್ಯಾಂಕ್ ಖಾತೆಗೆ ಕನ್ನ ಎಂದು ಪತ್ರಿಕೆಗಳು ಈಗಾಗಲೇ ಬರೆಯುತ್ತಿರುವುದರಿಂದ ಉಕ್ಕಿನ ಕೊಳವೆಗೂ ಗಣಕಜಾಲಕ್ಕೂ ಅದು ಒಗ್ಗುತ್ತದೆ. ಇಷ್ಟು ಒಳ್ಳೆಯ ಪದವನ್ನು ಕೈಯಲ್ಲಿಟ್ಟುಕೊಂಡು ಐದು ಪದಗಳ ಸಮಾಸ ಕಟ್ಟಿದ್ದಕ್ಕೆ ನನಗೆ ನಿಜವಾಗಿ ಬೇಸರವಾಯಿತು. ಕದಿಯುವ ಉದ್ದೇಶವಿಲ್ಲದೆ ಹಾಳುಮಾಡುವುದಕ್ಕಾಗಿಯೇ ಮಾಡುವ ಕೃತ್ಯಕ್ಕೆ ‘ವಿಧ್ವಂಸಕ ಕೃತ್ಯ’ ಎಂಬುದು ರೂಢಿಯಲ್ಲಿದೆ. ಅದರಲ್ಲಿ ನಾಶದ ಭಾವ ಇದೆ, ಗುಟ್ಟಾಗಿ ಮಾಡಿದ್ದು ಎಂಬ ಭಾವ ಇಲ್ಲ. ‘ಒಳಸಂಚು’ ಎಂಬುದರಲ್ಲಿ ಗುಟ್ಟು ಇದೆ, ನಾಶ ಇಲ್ಲ. ಎರಡನ್ನೂ ಹಿಡಿಯುವ ಒಂದು ಮಾತು ಯಾರಿಗಾದರೂ ಹೊಳೆದರೆ ತಿಳಿಸಬೇಕು.

ಈ ಮೂರರ ಬೇರ್ಪಾಡು ನನಗೆ ಸ್ಪಷ್ಟವಾದದ್ದು ಹೊರದೇಶಗಳ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ. ಅಮೆರಿಕದಲ್ಲಿ ಟೆಕ್ಸಸ್‌ನಿಂದ ನ್ಯೂಜೆರ್ಸಿಯ ಕಡೆಗೆ ಹೋಗುವ ಸುಮಾರು 8,850 ಕಿಲೋಮೀಟರ್ ಉದ್ದದ ಕಲೋನಿಯಲ್ ಕೊಳವೆ ಮಾರ್ಗವು ಆ ದೇಶದ ಪೂರ್ವ ಕರಾವಳಿಯ ಇಂಧನದಲ್ಲಿ ಶೇ 45ರಷ್ಟನ್ನು ಸಾಗಿಸುತ್ತದೆ. 2021ರ ಮೇ 7ರಂದು ಆ ಕಂಪನಿಯ ಕಚೇರಿ ಗಣಕಗಳಿಗೆ ದುಷ್ಕರ್ಮಿಗಳು ಕನ್ನ ಹಾಕಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿದರು. ಕೊಳವೆಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೂ ಸೋಂಕು ಒಳಗೆ ಹರಡೀತೆಂಬ ಅಂಜಿಕೆಯಿಂದ ಕಂಪನಿಯೇ ಹರಿವನ್ನು ನಿಲ್ಲಿಸಿತು, ಸುಮಾರು 44 ಲಕ್ಷ ಡಾಲರ್ ತೆತ್ತಿತು, ಮೇ 12ರಂದು ಮತ್ತೆ ಹರಿವನ್ನು ಆರಂಭಿಸಿತು. ಅಷ್ಟರಲ್ಲಿ ಆಗ್ನೇಯ ರಾಜ್ಯಗಳ ಬಂಕುಗಳು ಬರಿದಾಗಿದ್ದವು, ದೇಶದ ಸರಾಸರಿ ಪೆಟ್ರೋಲ್ ಬೆಲೆ 2014ರ ನಂತರ ಮೊದಲ ಸಲ ಗ್ಯಾಲನ್ನಿಗೆ 3 ಡಾಲರ್ ದಾಟಿತ್ತು. ನಮ್ಮ ಹಿರಿಯರ ಭಾಷೆಯಲ್ಲಿ ಹೇಳುವುದಾದರೆ ಏರಿ ಭದ್ರವಾಗಿಯೇ ಇತ್ತು. ಲೆಕ್ಕದ ಪುಸ್ತಕ ಕಳ್ಳರ ಕೈಸೇರಿತೆಂದು ನೀರುಗಂಟಿಯೇ ತೂಬು ಮುಚ್ಚಿದ, ಕೊನೆಯ ಗದ್ದೆ ಒಣಗಿತು.

ಇದಕ್ಕೆ ತಿರುಗುಮುರುಗಾದದ್ದು ಬಾಲ್ಟಿಕ್ ಸಮುದ್ರದಲ್ಲಿ ನಡೆಯಿತು. 2022ರ ಸೆಪ್ಟೆಂಬರ್ 26ರಂದು ಡೆನ್ಮಾರ್ಕಿನ ಬೋರ್ನ್‌ಹೋಮ್ ದ್ವೀಪದ ಬಳಿ ನಾರ್ಡ್ ಸ್ಟ್ರೀಮ್ ಅನಿಲ ಮಾರ್ಗದ ನಾಲ್ಕು ಕೊಳವೆಗಳಲ್ಲಿ ಮೂರು ಸ್ಫೋಟದಿಂದ ಸೀಳಿಹೋದವು. ಕೊಳವೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ಆದರೆ ಮೊದಲನೆಯ ಮಾರ್ಗದಲ್ಲಿ ರಷ್ಯಾದಿಂದ ಬರುತ್ತಿದ್ದ ಅನಿಲ ಆಗಸ್ಟ್ ಕೊನೆಯಿಂದಲೇ ನಿಂತಿತ್ತು, ಎರಡನೆಯದು ಬಳಕೆಗೇ ಬಂದಿರಲಿಲ್ಲ. ಕೊಳವೆಗಳಲ್ಲಿ ಇದ್ದದ್ದು ತುಂಬಿಟ್ಟ ಅನಿಲ. ಆದ್ದರಿಂದ ಆ ದಿನ ಜರ್ಮನಿಯ ಮನೆಗಳಿಗೆ ಹೋಗುವ ಅನಿಲದಲ್ಲಿ ಈ ಸ್ಫೋಟದಿಂದ ಕೊರತೆಯಾಗಲಿಲ್ಲ. ಇಲ್ಲಿ ಏರಿಯೇ ಒಡೆಯಿತು, ಆದರೆ ಆ ತೂಬು ಮೊದಲೇ ಮುಚ್ಚಿತ್ತು. ಈ ಎರಡೂ ಸುದ್ದಿಗಳಿಗೆ ‘ಇಂಧನ ಭದ್ರತೆಗೆ ಧಕ್ಕೆ’ ಎಂದು ಒಂದೇ ತಲೆಬರಹ ಕೊಡಬಹುದು, ಆ ತಲೆಬರಹದಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ.

ನೆರೆಯ ಭಾಷೆಗಳು ಏನು ಮಾಡಿವೆ ಎಂದು ನೋಡಿದೆ. ಹಿಂದಿ, ಮರಾಠಿಗಳಲ್ಲಿ ‘ಊರ್ಜಾ ಸುರಕ್ಷಾ’, ಮಲಯಾಳದಲ್ಲಿ ‘ಊರ್ಜ ಸುರಕ್ಷ’, ತೆಲುಗಿನಲ್ಲಿ ನಮ್ಮಂತೆಯೇ ‘ಇಂಧನ ಭದ್ರತ’, ತಮಿಳಿನಲ್ಲಿ ‘ಎರಿಶಕ್ತಿ ಪಾದುಕಾಪ್ಪು’. ಹಿಂದಿಯವರಿಗೆ ಅಪಘಾತ ತಡೆಯುವುದಕ್ಕೂ ಶತ್ರುವಿನಿಂದ ಕಾಯುವುದಕ್ಕೂ ‘ಸುರಕ್ಷಾ’ ಒಂದೇ. ಕನ್ನಡದಲ್ಲಿ ‘ಸುರಕ್ಷತೆ’, ‘ಭದ್ರತೆ’ ಎಂಬ ಎರಡು ಬೇರೆ ಪದಗಳು ಜನಬಳಕೆಯಲ್ಲಿಯೇ ಇರುವುದು ನಮ್ಮ ಭಾಗ್ಯ. ಅವುಗಳನ್ನು ಬೆರಸಿ ಬಳಸಿ ಆ ಅನುಕೂಲವನ್ನು ನಾವಾಗಿಯೇ ಕಳೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಮಿಳಿನ ‘ಪಾದುಕಾಪ್ಪು’ವಿನ ಕೊನೆಯಲ್ಲಿರುವ ‘ಕಾಪ್ಪು’ ನಮ್ಮ ‘ಕಾಪು’ವಿನ ಸೋದರ ಪದ, ಕಾಯು, ಕಾವಲು, ಕಾಪಾಡು, ಕಾಪಿಡು ಎಲ್ಲವೂ ಅದೇ ಬೇರಿನವು.

ಇನ್ನು ‘ಇಂಧನ’. ಇದು ಉರಿಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ಬಂದದ್ದು. ಒಲೆಗೆ ಹಾಕುವ ಕಟ್ಟಿಗೆ ಅದರ ಮೂಲ ಅರ್ಥ, ನಮ್ಮ ‘ಉರುವಲು’, ‘ಸೌದೆ’ಗಳಿಗೆ ಸಮನಾದದ್ದು. ಪೆಟ್ರೋಲು, ಡೀಸೆಲ್, ಕಲ್ಲಿದ್ದಲುಗಳಿಗೆ ಅದು ಸರಿಯಾಗಿ ಹೊಂದುತ್ತದೆ, ಏಕೆಂದರೆ ಅವು ಉರಿಯುತ್ತವೆ. ಆದರೆ ಕರ್ನಾಟಕ ಸರ್ಕಾರದಲ್ಲಿ ವಿದ್ಯುತ್ತಿನ ಹೊಣೆ ಹೊತ್ತ ಇಲಾಖೆಯ ಹೆಸರು ‘ಇಂಧನ ಇಲಾಖೆ’. ವಿದ್ಯುತ್ ಕಡಿತದ ಬಗ್ಗೆ ಉತ್ತರ ಕೊಡುವವರು ‘ಇಂಧನ ಸಚಿವರು’. ಬಿಸಿಲು, ಗಾಳಿಗಳಿಂದ ಪಡೆಯುವುದು ‘ನವೀಕರಿಸಬಹುದಾದ ಇಂಧನ’. ಹೀಗಿರುವಾಗ ‘ಇಂಧನ ಅಂದ್ರೆ ಕರೆಂಟಾ?’ ಎಂದು ಕೇಳಿದ ತಾಯಿಯದು ತಪ್ಪಲ್ಲ. ಆಕೆ ಸರ್ಕಾರದ ಕನ್ನಡವನ್ನು ಸರಿಯಾಗಿಯೇ ಕಲಿತಿದ್ದಾರೆ. ಅದೇ ದಿನದ ಪತ್ರಿಕೆಯಲ್ಲಿ ‘ಇಂಧನ ದರ ಏರಿಕೆ’ ಎಂದರೆ ಪೆಟ್ರೋಲಿನ ಬೆಲೆ. ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಈ ಗೊಂದಲ ಇಲ್ಲ. ಅಲ್ಲಿ ‘ಶಕ್ತಿ’ ಬೇರೆ, ‘ಇಂಧನ’ ಬೇರೆ: ಕಲ್ಲಿದ್ದಲು ಇಂಧನ, ಅದರಿಂದ ಸಿಗುವುದು ಶಕ್ತಿ. ಆದರೆ ಸಾರ್ವಜನಿಕ ಬರಹದಲ್ಲಿ ಬರಿಯ ‘ಶಕ್ತಿ’ ಎಂದರೆ ದೇವಿ, ಬಲ, ಸಾಮರ್ಥ್ಯ ಎಲ್ಲವೂ ಆಗುತ್ತದೆ. 2023ರಿಂದ ಮಹಿಳೆಯರ ಉಚಿತ ಬಸ್ ಪ್ರಯಾಣದ ಯೋಜನೆಗೂ ಅದೇ ಹೆಸರು. ‘ಊರ್ಜೆ’ ತಪ್ಪಿಲ್ಲದ ಪದವಾದರೂ ನಮ್ಮ ಹಳ್ಳಿಯ ಸಭೆಯಲ್ಲಿ ಅದು ಇನ್ನೂ ಹೊರಗಿನದಾಗಿಯೇ ಕೇಳಿಸುತ್ತದೆ. ಸದ್ಯಕ್ಕೆ ನಾನು ಕಂಡುಕೊಂಡ ದಾರಿಯೆಂದರೆ, ಸಾಧ್ಯವಿದ್ದಲ್ಲೆಲ್ಲ ಸಾಮಾನ್ಯ ಪದವನ್ನು ಬಿಟ್ಟು ವಸ್ತುವನ್ನೇ ಹೆಸರಿಸುವುದು: ಪೆಟ್ರೋಲು-ಡೀಸೆಲು, ಅಡುಗೆ ಅನಿಲ, ಕರೆಂಟು.

‘ತೈಲ’ದ ಬಗ್ಗೆ ಎರಡು ಮಾತು. ‘ಎಣ್ಣೆ’ ಎಂಬುದು ‘ಎಳ್’ ಮತ್ತು ‘ನೆಯ್’ ಸೇರಿ ಆದದ್ದು, ‘ತೈಲ’ವು ‘ತಿಲ’ದಿಂದ ಆದದ್ದು. ಎರಡರ ಬುಡದಲ್ಲಿಯೂ ಇರುವುದು ಎಳ್ಳು. ‘ಪೆಟ್ರೋಲಿಯಂ’ ಎಂಬುದರ ಅಕ್ಷರಾರ್ಥ ಕಲ್ಲಿನ ಎಣ್ಣೆ. ‘ಕಲ್ಲೆಣ್ಣೆ’ ಎಂಬ ಚೆಲುವಾದ ಪದ ನಮ್ಮಲ್ಲಿ ಹುಟ್ಟಿಯೂ ಬೇರೂರಲಿಲ್ಲ. ನನಗಿರುವ ತೊಡಕು ಬೆಲೆಯ ವಿಷಯದಲ್ಲಿ. ‘ತೈಲ ಬೆಲೆ’ ಎಂಬ ಒಂದೇ ಮಾತನ್ನು ಪತ್ರಿಕೆಗಳು ಅಂತರರಾಷ್ಟ್ರೀಯ ಮಾರುಕಟ್ಟೆಯ ಕಚ್ಚಾ ತೈಲಕ್ಕೂ ಬಳಸುತ್ತವೆ, ಊರ ಬಂಕಿನ ಪೆಟ್ರೋಲಿಗೂ ಬಳಸುತ್ತವೆ. ಇವೆರಡೂ ಒಟ್ಟಿಗೆ ಏರಿಳಿಯುವುದಿಲ್ಲ ಎಂಬುದು 2020ರಲ್ಲಿ ಕಣ್ಣಿಗೆ ಕಟ್ಟುವಂತೆ ಕಂಡಿತು. ಆ ವರ್ಷದ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಮುಂಗಡ ವಹಿವಾಟಿನ ಬೆಲೆ ಸೊನ್ನೆಗಿಂತ ಕೆಳಗೆ, ಬ್ಯಾರೆಲ್ಲಿಗೆ ಮೈನಸ್ 37 ಡಾಲರಿಗೂ ಇಳಿಯಿತು. ಎರಡು ವಾರ ಕಳೆದು, ಮೇ ಮೊದಲ ವಾರದಲ್ಲಿ ಕೇಂದ್ರವು ಅಬಕಾರಿ ಸುಂಕವನ್ನು ಪೆಟ್ರೋಲಿಗೆ ಲೀಟರಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಏರಿಸಿತು. ಕಚ್ಚಾ ತೈಲ ಇಳಿದದ್ದರ ಲಾಭ ಬಂಕಿನವರೆಗೆ ಬರಲಿಲ್ಲ. ಇತ್ತೀಚೆಗೆ, 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಮಾರಾಟ ತೆರಿಗೆಯನ್ನು ಪೆಟ್ರೋಲಿನ ಮೇಲೆ ಶೇ 25.92ರಿಂದ 29.84ಕ್ಕೆ, ಡೀಸೆಲಿನ ಮೇಲೆ ಶೇ 14.34ರಿಂದ 18.44ಕ್ಕೆ ಏರಿಸಿದಾಗ ಬಂಕಿನಲ್ಲಿ ಸುಮಾರು 3 ರೂಪಾಯಿ ಹೆಚ್ಚಾಯಿತು. ಅದಕ್ಕೂ ಯಾವ ಕೊಳವೆಗೂ ಸಂಬಂಧವಿರಲಿಲ್ಲ. ಹಾಗೆಂದು ಕೊಳವೆ, ಸ್ಥಾವರಗಳ ಮೇಲಿನ ದಾಳಿಗೂ ಬೆಲೆಗೂ ಸಂಬಂಧವೇ ಇಲ್ಲವೆಂದಲ್ಲ. 2019ರ ಸೆಪ್ಟೆಂಬರ್ 14ರಂದು ಸೌದಿ ಅರೇಬಿಯದ ಅಬ್‌ಕೈಕ್ ಸ್ಥಾವರದ ಮೇಲೆ ದಾಳಿಯಾಗಿ ಆ ದೇಶದ ಉತ್ಪಾದನೆ ಅರ್ಧಕ್ಕಿಳಿದಾಗ, ಮಾರುಕಟ್ಟೆ ತೆರೆದ ಮೊದಲ ದಿನವೇ ಕಚ್ಚಾ ತೈಲ ಶೇ 14ಕ್ಕೂ ಹೆಚ್ಚು ಏರಿತು. ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ನಮ್ಮ ದೇಶಕ್ಕೆ ಅದು ದೂರದ ಸುದ್ದಿಯಲ್ಲ. ಆದ್ದರಿಂದ ಟಿಪ್ಪಣಿಯಲ್ಲಿ ಈಗ ‘ಕಚ್ಚಾ ತೈಲದ ಬೆಲೆ’ ಮತ್ತು ‘ಬಂಕಿನ ಬೆಲೆ’ ಎಂದು ಎರಡನ್ನು ಬೇರೆ ಮಾಡಿದ್ದೇನೆ. ಎರಡನೆಯದು ಆಡುಮಾತು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಅದನ್ನು ಕೇಳಿ ಅರ್ಥವಾಗದವರು ನಮ್ಮ ಸಭೆಯಲ್ಲಿ ಒಬ್ಬರೂ ಇರಲಿಲ್ಲ.

‘ಮೂಲಸೌಕರ್ಯ’ ಎಂಬ ಪದವನ್ನು ನಾನು ಪೂರ್ತಿಯಾಗಿ ಕೈಬಿಟ್ಟೆ. ಶಾಲೆಗೆ ಶೌಚಾಲಯ, ಊರಿಗೆ ರಸ್ತೆ ಬಂದಾಗ ಅದು ಸೌಕರ್ಯ. ಹೊಲದ ಅಡಿಯಲ್ಲಿ ಹಾದುಹೋಗುವ ಉಕ್ಕಿನ ಕೊಳವೆಯನ್ನು ಆ ಹೊಲದವನ ಮುಂದೆ ಸೌಕರ್ಯ ಎನ್ನಲು ನಾಲಗೆ ಏಳುವುದಿಲ್ಲ. ಇದಕ್ಕೆ ಹೊಂದಿಕೊಂಡ ಇನ್ನೊಂದು ಪದ ನನ್ನನ್ನು ಹೆಚ್ಚು ಕಾಡಿದೆ. ಕೊಳವೆ ಹೂಳಲು ಬಳಸುವ ಕಾನೂನು 1962ರ ಪೆಟ್ರೋಲಿಯಂ ಕೊಳವೆ ಮಾರ್ಗಗಳ ಕಾಯ್ದೆ. ಅದರಂತೆ ಜಮೀನಿನ ಒಡೆತನ ರೈತನಲ್ಲಿಯೇ ಉಳಿಯುತ್ತದೆ. ನೆಲದ ಅಡಿಯಲ್ಲಿ ಕೊಳವೆ ಹಾಕುವ, ಅದನ್ನು ನೋಡಿಕೊಳ್ಳುವ ಹಕ್ಕು ಮಾತ್ರ ಬೇರೆಯವರದಾಗುತ್ತದೆ. ರೈತ ಉಳಬಹುದು, ಬಿತ್ತಬಹುದು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆನಷ್ಟದ ಪರಿಹಾರ ಬೇರೆ, ಈ ಹಕ್ಕಿಗೆ ಕೊಡುವುದು ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ರಾಗಿ ಬೆಳೆಯುವವನಿಗೆ ಇದು ಒಂದು ಬಗೆ. ತೆಂಗು, ಅಡಿಕೆ, ಕಾಫಿಯವನಿಗೆ ಪೂರ್ತಿ ಬೇರೆ ಬಗೆ. ನನಗೆ ತೋರಿಸಿದ ಹಳೆಯ ಕನ್ನಡ ನೋಟಿಸೊಂದರಲ್ಲಿ ಇದನ್ನೆಲ್ಲ ‘ಸ್ವಾಧೀನಪಡಿಸಿಕೊಳ್ಳಲಾಗುವುದು’ ಎಂಬ ಒಂದೇ ಕ್ರಿಯಾಪದದಲ್ಲಿ ಮುಗಿಸಿದ್ದರು. ಅದನ್ನು ಕಬ್ಬಿಣದ ಪೆಟ್ಟಿಗೆಯಿಂದ ತೆಗೆದು, ಮಡಿಕೆಯ ಗುಂಟ ಹರಿದಿದ್ದ ಹಾಳೆಯನ್ನು ಅಂಗೈಯಿಂದ ಸವರಿ ನನ್ನ ಮುಂದೆ ಹರಡಿದ ಅಜ್ಜಿ, ಹೊಲವೇ ಹೋಯಿತೆಂದು ನಂಬಿ ತನ್ನ ಗಂಡ ಎರಡು ವರ್ಷ ಅಲ್ಲಿ ಬಿತ್ತಲೇ ಇಲ್ಲ ಎಂದು ಹೇಳಿದರು. ಒಂದು ಪದದಿಂದ ಒಂದು ಸಂಸಾರಕ್ಕೆ ಎರಡು ವರ್ಷದ ಬೆಳೆ ತಪ್ಪಿತು. ನಮ್ಮ ಹಳ್ಳಿಗಳಲ್ಲಿ ಪಕ್ಕದ ಹೊಲದವನಿಗೆ ದಾರಿ ಬಿಡುವ, ಕಾಲುವೆಗೆ ಜಾಗ ಬಿಡುವ ಕಟ್ಟಳೆ ಎಲ್ಲರಿಗೂ ಗೊತ್ತಿರುವುದೇ. ‘ದಾರಿ ಹಕ್ಕು’ ಎಂದರೆ ಹೊಲ ತನ್ನದೇ, ಹಾಯುವ ಹಕ್ಕು ಇನ್ನೊಬ್ಬನದು ಎಂದು ಯಾರೂ ವಿವರಿಸಬೇಕಾಗಿಲ್ಲ. ಹಾಗಾದರೆ ‘ಕೊಳವೆ ದಾರಿಯ ಹಕ್ಕು’ ಎಂದು ಬರೆಯಬಹುದೇ? ಕಾನೂನು ಬಲ್ಲವರು ಬಳಗದಲ್ಲಿದ್ದರೆ ದಯವಿಟ್ಟು ಇದರ ಸರಿತಪ್ಪನ್ನು ಹೇಳಬೇಕು.

ಇನ್ನೊಂದು ಪದವನ್ನು ತಮ್ಮ ಮುಂದಿಡಬೇಕು. ಆಪತ್ತಿನ ದಿನಕ್ಕೆಂದು ದೇಶವು ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಬೃಹತ್ ಗುಹೆಗಳನ್ನು ಬಂಡೆಯೊಳಗೆ ಕೊರೆದಿಟ್ಟಿದೆ. ಪತ್ರಿಕೆಗಳು ಇವನ್ನು ‘ಕಾರ್ಯತಂತ್ರದ ಪೆಟ್ರೋಲಿಯಂ ಸಂಗ್ರಹಾಗಾರ’, ‘ವ್ಯೂಹಾತ್ಮಕ ತೈಲ ಸಂಗ್ರಹ’ ಎನ್ನುತ್ತವೆ. ಎರಡೂ ಯುದ್ಧದ ಭಾಷೆ. ನನ್ನ ತಾಯಿಯ ತವರು ರೋಣದ ಕಡೆ. ಅಲ್ಲಿ ಜೋಳ ತುಂಬಿಡುತ್ತಿದ್ದ ‘ಹಗೇವು’ ನನಗೆ ಚಿಕ್ಕಂದಿನಿಂದ ಗೊತ್ತು. ಅಂಗಳದ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಅದರ ಮೇಲೆ ಕಲ್ಲಿನ ಚಪ್ಪಡಿ, ಚಪ್ಪಡಿಯ ಸುತ್ತ ಮೆತ್ತಿದ ಮಣ್ಣು. ತೆಗೆಯುವ ದಿನ ಸೋದರಮಾವ ಮಣ್ಣನ್ನು ಕೆತ್ತಿ, ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ಆಮೇಲೆ ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರದೆ ನಿಂತರೆ ಮಾತ್ರ ಆಳು ಒಳಗಿಳಿಯುತ್ತಿದ್ದ. ಬರಗಾಲಕ್ಕೆಂದು ನೆಲದೊಳಗೆ ಕೂಡಿಟ್ಟುಕೊಳ್ಳುವ ಈ ವಿವೇಕಕ್ಕೆ ನಮ್ಮಲ್ಲಿಯೇ ಹೆಸರಿರುವಾಗ ‘ತೈಲ ಹಗೇವು’ ಎಂದರೆ ಏನು ತಪ್ಪು ಎಂದು ಮೊದಲು ಅನ್ನಿಸಿತು.

ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನು ಮುಚ್ಚಿಡಬಾರದು. ಜೋಳದ ಹಗೇವಿಗೆ ನೀರೇ ಶತ್ರು, ಒಂದು ಕಡೆ ಒಸರಿದರೂ ಕಾಳು ಮುಗ್ಗುತ್ತದೆ. ಪಾದೂರಿನ ಗುಹೆಗಳ ಬಂಡೆಗೆ ಒಳಗಿನಿಂದ ಉಕ್ಕಿನ ಹೊದಿಕೆಯಿಲ್ಲ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ತುಂಬಿರುವ ಅಂತರ್ಜಲದ ಒತ್ತಡವು ಒಳಗಿನ ತೈಲದ ಒತ್ತಡಕ್ಕಿಂತ ಹೆಚ್ಚಾಗಿರುವಂತೆ, ಮೇಲ್ಗಡೆ ಸುರಂಗ ಕೊರೆದು ನೀರುಣಿಸಿ ಕಾಪಾಡಿಕೊಳ್ಳುತ್ತಾರೆ. ನೀರು ಒಳಕ್ಕೆ ಜಿನುಗುತ್ತದೆ, ತೈಲ ಹೊರಕ್ಕೆ ಹೋಗಲಾರದು, ಜಿನುಗಿದ ನೀರನ್ನು ಪಂಪಿನಿಂದ ತೆಗೆಯುತ್ತಾರೆ. ಅಂದರೆ ಅಲ್ಲಿ ತೈಲವನ್ನು ಕಾಯುತ್ತಿರುವುದು ನೀರು. ಪಾದೂರು ಇರುವ ತಾಲ್ಲೂಕಿನ ಹೆಸರೂ ಕಾಪು. ಊರ ಹೆಸರಿನ ಮೂಲದ ಚರ್ಚೆಗೆ ನಾನು ಹೋಗುವುದಿಲ್ಲ. ಆದರೆ ಹುಡುಕುತ್ತಿದ್ದ ಪದ ಹೀಗೆ ಎದುರಿಗೆ ಬಂದಾಗ ನನಗೆ ಸಂತೋಷವಾಯಿತೆಂಬುದನ್ನು ಹೇಳದಿರಲಾರೆ. ಬಂದೂಕಿನವನ ಪಹರೆಯೊಂದನ್ನೇ ನೆನಪಿಸುವ ‘ಭದ್ರತೆ’ಗಿಂತ, ನೀರಿನ ಒತ್ತಡವೂ ಗಣಕದ ಗುಪ್ತಪದವೂ ದಿನವೂ ಕೊಳವೆಯ ಗುಂಟ ನಡೆದು ನೋಡುವ ಮನುಷ್ಯನೂ ಒಳಗೊಳ್ಳುವಂತೆ ‘ಕಾಪು’ ಹಿಗ್ಗುತ್ತದೆ ಎಂದು ನನಗೆ ತೋರುತ್ತದೆ.

ತಮ್ಮಿಂದ ನನಗೆ ಬೇಕಾದುದು ಇಷ್ಟು. ಪಾದೂರಿನ, ಮಂಗಳೂರಿನ ಗುಹೆಗಳಿರುವ ಪೆರ್ಮುದೆಯ ಆಸುಪಾಸಿನವರು ಆ ಗುಹೆಗಳನ್ನು ತಮ್ಮ ಊರ ಮಾತಿನಲ್ಲಿ ಏನೆಂದು ಕರೆಯುತ್ತೀರಿ? ತುಳುವಿನಲ್ಲಿ, ಕುಂದಾಪುರದ ಕನ್ನಡದಲ್ಲಿ ಅದಕ್ಕೊಂದು ಹೆಸರು ಹುಟ್ಟಿರಲೇಬೇಕು. ಗದಗ, ಬಾಗಲಕೋಟೆ, ವಿಜಯಪುರಗಳ ಕಡೆ ‘ಹಗೇವು’ ಇಂದಿನ ಹುಡುಗರಿಗೆ ಅರ್ಥವಾಗುತ್ತದೆಯೇ? ಕೊಲ್ಲಿ ದೇಶಗಳ ತೈಲ ಸ್ಥಾವರಗಳಲ್ಲಿ ದುಡಿಯುವ ಕನ್ನಡಿಗರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಅಪಘಾತದಿಂದ ಕಾಯುವುದಕ್ಕೂ ದಾಳಿಯಿಂದ ಕಾಯುವುದಕ್ಕೂ ಬೇರೆ ಬೇರೆ ಕನ್ನಡ ಮಾತು ಬಳಸುತ್ತೀರಾ? ಪತ್ರಿಕೆಗಳಲ್ಲಿ ಕೆಲಸ ಮಾಡುವವರು, ಪೂರೈಕೆ ಎಂಬ ಅರ್ಥ ಬಂದಲ್ಲಿ ‘ಇಂಧನ ಭದ್ರತೆ’ಯ ಬದಲು ‘ಪೂರೈಕೆಯ ಖಾತರಿ’ ಎಂದು ಬರೆದರೆ ತಲೆಬರಹಕ್ಕೆ ಉದ್ದವಾಗುತ್ತದೆಯೇ?

ಟಿಪ್ಪಣಿಯ ಮೊದಲ ಪುಟದ ವಾಕ್ಯವನ್ನು ಸದ್ಯಕ್ಕೆ ಹೀಗೆ ತಿದ್ದಿದ್ದೇನೆ: ‘ಕೊಳವೆಗಳಿಗೂ ತೈಲ ಸ್ಥಾವರಗಳಿಗೂ ಸರಿಯಾದ ಕಾಪು ಇಲ್ಲದೆ ಹೋದರೆ ಪೆಟ್ರೋಲು-ಡೀಸೆಲು ಬೇಕಾದಾಗ ಸಿಗುತ್ತದೆಂಬ ಖಾತರಿ ತಪ್ಪುತ್ತದೆ, ಆಗ ಕಚ್ಚಾ ತೈಲದ ಬೆಲೆಯೂ, ಕೆಲವೊಮ್ಮೆ ಬಂಕಿನ ಬೆಲೆಯೂ ಏರುತ್ತದೆ.’ ನೀರುಗಂಟಿ ಮನೆತನದ ಹಿರಿಯರಿಗೆ ಓದಿ ಹೇಳಿದೆ. ‘ಖಾತರಿ’ಗೆ ತಲೆದೂಗಿದರು. ‘ಕಾಪು’ ಎಂಬಲ್ಲಿ ಸ್ವಲ್ಪ ತಡೆದು, “ಕಾವಲು ಅಂತಲೇ ಇರಲಿ, ಅಲ್ವಾ?” ಎಂದರು. ಅದನ್ನು ಉಳಿಸಲೇ ಬದಲಿಸಲೇ ಎಂಬುದನ್ನು ತಮ್ಮ ಉತ್ತರಗಳು ಬಂದ ಮೇಲೆ ತೀರ್ಮಾನಿಸುತ್ತೇನೆ.